ಇದ್ದಿಲ ಗೆರೆ

ಹೊಳೆದಂಡೆಯ ಪೇಟೆಯಲ್ಲಿ ಹೊಸ ಸ್ನಾನಘಟ್ಟ ಕಟ್ಟಬೇಕೆಂದು ಹಿರಿಯರು ತೀರ್ಮಾನಿಸಿದರು. ಓದು ಬಾರದವರೂ ತಮಗೆ ಬೇಕಾದ್ದನ್ನು ಹೇಳಲಿ ಎಂದು, ಕಟ್ಟಲಿರುವುದರ ಚಿತ್ರವನ್ನು ಗೋಡೆಯ ಮೇಲೆ ಬರೆಸಿ ತೋರಿಸುವ ಕೆಲಸವನ್ನು ಚಿತ್ರಗುರು ಚೆನ್ನವೀರಯ್ಯನವರಿಗೆ ಒಪ್ಪಿಸಿದರು.

ಗುರುಗಳು ಇಬ್ಬರು ಶಿಷ್ಯರನ್ನು ಕರೆದು ಎದುರುಬದುರಿನ ಎರಡು ಗೋಡೆ ಕೊಟ್ಟರು.

"ಯಾರ ಗೋಡೆಯ ಮುಂದೆ ಜನ ಮಾತಾಡುತ್ತಾರೋ, ನನ್ನ ಕುಂಚ ಅವನಿಗೆ."

ಆ ಕುಂಚದ ಮೇಲೆ ಹಿರಿಯ ಶಿಷ್ಯ ಸಂಕಣ್ಣ ಬಹಳ ವರ್ಷದಿಂದ ಕಣ್ಣಿಟ್ಟಿದ್ದ. ನಿನ್ನೆ ಮೊನ್ನೆ ಬಂದ ಬೊಮ್ಮಣ್ಣನ ಪಾಲಿಗೆ ಅದು ಹೋದೀತೆಂದು ನೆನೆದರೇ ಅವನ ಹೊಟ್ಟೆ ಉರಿಯುತ್ತಿತ್ತು.

ಬೊಮ್ಮಣ್ಣ ಬರೆದ ಘಟ್ಟ ಬಲು ಚೆಲುವಾಗಿತ್ತು. ಜನ ಅದರ ಮುಂದೆ ನಿಂತರು, ಕೈಮುಗಿದರು, ಹೂವಿಟ್ಟು ಹೋದರು. ಸಂಕಣ್ಣನ ಗೋಡೆಗೂ ಕೈಮುಗಿದರು, ಹೂವಿಡಲಿಲ್ಲ. ಎರಡೂ ಕಡೆ ಯಾರೊಬ್ಬರೂ ತುಟಿ ಬಿಚ್ಚಲಿಲ್ಲ. ಆದರೆ ಸಂಕಣ್ಣನ ಕಣ್ಣಿಗೆ ಬಿದ್ದದ್ದು ಹೂವು ಮಾತ್ರ.

ಮಟಮಟ ಮಧ್ಯಾಹ್ನ, ಬೀದಿಯಲ್ಲಿ ನರಪಿಳ್ಳೆ ಇಲ್ಲದಾಗ, ಅವನು ಇದ್ದಿಲು ತಂದು ಬೊಮ್ಮಣ್ಣ ಬರೆದ ಮೆಟ್ಟಿಲುಗಳ ಮೇಲೆ ಓರೆಯಾಗಿ ದಪ್ಪನೆಯ ಗೆರೆ ಎಳೆದ. ಇದ್ದಿಲನ್ನು ಅಲ್ಲೇ ಎಸೆದು ಮರದ ಮರೆಗೆ ಓಡಿದ. ಹೊಟ್ಟೆ ತಣ್ಣಗಾಯಿತು.

ಬಟ್ಟೆ ಒಗೆಯುವ ಮಾದಮ್ಮ ಮೂಟೆ ಹೊತ್ತು ಬಂದವಳು ಗೆರೆ ಕಂಡು ನಿಂತಳು.

"ಇದರ ಮೇಲೆ ನಾವೂ ಬರೀಬಹುದೇನೋ," ಎನ್ನುತ್ತ ಇದ್ದಿಲು ಎತ್ತಿಕೊಂಡು ನೀರಿನಂಚಿಗೆ ಒಂದು ಒಗೆಯುವ ಕಲ್ಲು ಬರೆದಳು.

ಹಿಂದೆಯೇ ಊರುಗೋಲು ಊರಿಕೊಂಡು ಬಂದ ಮುದುಕನೊಬ್ಬ ಆ ಓರೆ ಗೆರೆಯನ್ನು ಬೆರಳಿನಿಂದ ಸವರಿದ.

"ಯಾರೋ ಪುಣ್ಯಾತ್ಮರು ಇಲ್ಲೊಂದು ಇಳಿಜಾರು ಕೇಳಿದ್ದಾರೆ. ಮೆಟ್ಟಿಲು ನನ್ನ ಕೈಲಿ ಆಗಲ್ಲ. ಪಕ್ಕಕ್ಕೆ ಹಿಡಿಯೋಕೆ ಒಂದು ಕಂಬೀನೂ ಬರಿಯವ್ವ."

ಸಂಜೆಗೆ ಗೋಡೆಯೆಲ್ಲ ಕಪ್ಪು. ಹಸು ನೀರು ಕುಡಿಯುವ ಜಾಗ, ಹೆಂಗಸರಿಗೆ ಮರೆ, ದೋಣಿ ಕಟ್ಟುವ ಗೂಟ. ಮಾತೋ ಮಾತು. ಹಿರಿಯರು ಬಂದು ಬೊಮ್ಮಣ್ಣನ ಬೆನ್ನು ತಟ್ಟಿದರು.

"ಎಂಥ ಉಪಾಯ ಮಾಡಿದೆಯಪ್ಪ."

ಬೊಮ್ಮಣ್ಣ ಏನೂ ತಿಳಿಯದೆ ಕಣ್ಣು ಕಣ್ಣು ಬಿಡುತ್ತಿದ್ದ. ಸಂಕಣ್ಣನಿಗೆ ಇನ್ನು ತಡೆಯಲಾಗಲಿಲ್ಲ. ಗುರುಗಳ ಆಶ್ರಮಕ್ಕೆ ಓಡಿದ.

"ಗುರುಗಳೇ, ಮೊದಲ ಗೆರೆ ಎಳೆದವನು ನಾನು. ಕುಂಚ ನನಗೆ ಬರಬೇಕು."

"ಯಾಕೆ ಎಳೆದೆ?"

ಸಂಕಣ್ಣ ತಾನೇನು ಒಪ್ಪಿಕೊಂಡೆನೆಂದು ಆಗ ಅರಿತ. ತಲೆ ತಗ್ಗಿಸಿದ.

"ಕೆಡಿಸೋದಕ್ಕೆ. ಅವನದು ನನ್ನದಕ್ಕಿಂತ ಚೆನ್ನಾಗಿತ್ತು. ನನ್ನ ಕೈಲಿ ಸಹಿಸೋಕೆ ಆಗಲಿಲ್ಲ."

"ನಿನ್ನ ಚಿತ್ರ ಏನಾಯಿತು?"

"ಹಾಗೇ ಇದೆ. ಒಂದು ಕಲೆಯೂ ಇಲ್ಲ."

ಗುರುಗಳು ಒಲೆಯಿಂದ ಆರಿದ ಇದ್ದಿಲೊಂದನ್ನು ತೆಗೆದು ಅವನ ಕೈಗಿಟ್ಟರು.

"ಕುಂಚದ ಮಾತು ಆಮೇಲೆ. ಹೋಗಿ ಅದರ ಮೇಲೂ ಒಂದು ಗೆರೆ ಎಳೆದು ಬಾ."