ಮೊಣಕಾಲಿನ ಗಾಯ ಮೆಲ್ಲಗೆ ಮಾಯುವುದೇಕೆ

ಭೂಮಿ ಆಗಷ್ಟೇ ಹುಟ್ಟಿ, ಬೆಟ್ಟಗಳ ಮೈ ಇನ್ನೂ ಬಿಸಿಯಾಗಿದ್ದ ಕಾಲ. ಆಗ ಯಾರಿಗೂ ಗಾಯವಾಗಿರಲಿಲ್ಲ. ಹಾಗಾಗಿ ಗಾಯ ಮಾಯಿಸುವುದು ಹೇಗೆಂದು ಯಾವ ಮೈಗೂ ಗೊತ್ತಿರಲಿಲ್ಲ.

ಒಂದು ದಿನ ಮೇಕೆಮರಿಯೊಂದು ಬಂಡೆಯಿಂದ ಜಾರಿ ಮೊಣಕಾಲು ತರಚಿಕೊಂಡಿತು. ಗೊಳೋ ಎಂದು ಅತ್ತಿತು. ನಿನ್ನಷ್ಟು ಜೋರಾಗಿ ಅಲ್ಲ ಬಿಡು, ಪುಟ್ಟಿ! ಅಲ್ಲಿಯ ಹುಲ್ಲು ಮುಗಿದಿತ್ತು, ಹಿಂಡೆಲ್ಲ ಗುಡ್ಡದಾಚೆ ಹೊರಟಿತ್ತು. ಮರಿ ಏಳದೆ ತಾಯಿ ಕದಲಳು. ತಾಯಿ ಮೇಯದೆ ಮರಿಗೆ ಹಾಲಿಲ್ಲ.

“ನಾನು ತೊಳೆದೆ,” ಎಂದಿತು ಹೊಳೆ.

“ನಾನು ಊದಿದೆ,” ಎಂದಿತು ಗಾಳಿ.

ಗಾಯ ಮಾತ್ರ ಬಾಯಿ ಮುಚ್ಚಲಿಲ್ಲ.

ಗಾಯದ ಅಂಚಿನಲ್ಲಿ, ಮರಿಯ ಚರ್ಮದೊಳಗೆ, ಕಣ್ಣಿಗೆ ಕಾಣದಷ್ಟು ಪುಟಾಣಿ ಮನೆಯೊಂದಿತ್ತು. ಜೀವಕೋಶ ಅಂತ ಅದರ ಹೆಸರು. ಅದರ ನಡುಕೋಣೆಯಲ್ಲಿ ಒಬ್ಬ ಅಜ್ಜಿ. ಯಾವ ಹೂವಿನ ಪಕ್ಕ ಯಾವ ಹೂವು ಎಂಬ ಹಾಡು ಅವಳಿಗೊಬ್ಬಳಿಗೇ ಗೊತ್ತು. ಅಜ್ಜಿ ಹೊಸಿಲು ದಾಟುವವಳಲ್ಲ, ಒಳಗಿನಿಂದಲೇ ಹಾಡುತ್ತಾಳೆ. ಹೂ ಕಟ್ಟುವ ಹೆಂಗಸರು ಹೊರಗೆ ಕುಳಿತು, ಕೇಳಿಸಿಕೊಂಡಂತೆಯೇ ಮಾಲೆ ಕಟ್ಟಿ ಮಡಿಸುತ್ತಾರೆ. ಆ ಮಾಲೆಗೇ ದೊಡ್ಡವರು ಪ್ರೋಟೀನ್ ಎನ್ನುವುದು. ಹರಿದ ಮೈಯನ್ನು ಕೂಡಿಸುವುದು ಅದೇ.

ಮರಿಯ ಅಳು ಕೇಳಿ ಹೆಂಗಸರ ಕರುಳು ಚುರುಕ್ ಎಂದಿತು. “ಮಡಿಸೋದು ಗಿಡಿಸೋದು ಆಮೇಲೆ ಕಣ್ರೇ, ಮೊದಲು ಎಸೀರಿ!” ಎಂದು ಮಾಲೆಯನ್ನು ಹಾಗೇ ಬಾಗಿಲಾಚೆ ಎಸೆದರು. ಆತುರಗಾರನಿಗೆ ಬುದ್ಧಿ ಮಟ್ಟ. ಮಾಲೆ ಗಂಟುಗಂಟಾಗಿ ಬಾಗಿಲಲ್ಲೇ ಸಿಕ್ಕಿಕೊಂಡಿತು. ಮರಿ ಏಳಲು ಹೋಗಿ ಮತ್ತೆ ಬಿತ್ತು.

“ಗಂಟು ಬಿಚ್ಚಿ. ಹೂವು ಬಿಡಿಸಿ. ಮೊದಲಿಂದ ಕಟ್ಟಿ,” ಎಂದಳು ಅಜ್ಜಿ. ಬೈಯಲಿಲ್ಲ. ಮತ್ತೆ ಹಾಡತೊಡಗಿದಳು.

ಮತ್ತೆ ಕಟ್ಟಿದರು. ಮಡಿಸುವ ಕೋಣೆಯಲ್ಲಿ ಒಪ್ಪವಾಗಿ ಮಡಿಸಿದರು. ಮೂಟೆ ಮಾಡಿ, ಗಾಯಕ್ಕೇ ಹೋಗಬೇಕೆಂದು ಗುರುತಿಗೆ ಒಂದು ಬೊಟ್ಟಿಟ್ಟರು. ಅದನ್ನು ಹೊತ್ತವಳು ಆ ಮನೆಯ ಹೊರೆಯಾಳು ಹೆಜ್ಜಮ್ಮ. ತಲೆಯ ಮೇಲೆ ತನಗಿಂತ ದೊಡ್ಡ ಹೊರೆ, ಕಾಲ ಕೆಳಗೆ ಬಾಗಿಲವರೆಗೆ ಬಿಗಿದ ಒಂದೇ ಒಂದು ಹಗ್ಗ.

“ಓಡೇ ಹೆಜ್ಜಮ್ಮಾ!” ತಾಯಿಮೇಕೆ ಕೂಗಿಕೊಂಡಳು.

“ಓಡಿದ್ರೆ ಹೊರೆ ಬೀಳುತ್ತೆ, ತಾಯಿ. ಆದ್ರೆ ನಾನು ನಿಲ್ಲೋಳಲ್ಲ. ಅಷ್ಟು ನಂಬು.”

ಒಂದು ಕಾಲು ಊರಿದ ಮೇಲೆಯೇ ಇನ್ನೊಂದು ಕಾಲು ಎತ್ತಿದಳು. ಹಗ್ಗ ತೂಗಿತು, ಅವಳು ನಿಲ್ಲಲಿಲ್ಲ. ಹೊರೆ ಬಾಗಿತು, ಅವಳು ನಿಲ್ಲಲಿಲ್ಲ. ಬಾಗಿಲಲ್ಲಿ ಮೂಟೆ ಇಳಿಸಿ ಮತ್ತೊಂದಕ್ಕೆ ಹೋದಳು. ಅವಳನ್ನು ನೋಡಿ ಅಕ್ಕಪಕ್ಕದ ಮನೆಗಳಲ್ಲೂ ಹಾಡು ಶುರುವಾಯಿತು. ಗಾಯದ ಅಂಚುಗಳು ಕೂದಲೆಳೆಯಷ್ಟು ಹತ್ತಿರ ಬಂದವು, ಇನ್ನೊಂದು ಕೂದಲೆಳೆಯಷ್ಟು ಬಂದವು.

ತಾಯಿ ಕಾದಳು. ಬಂಡೆಯ ಬುಡದ ಒಣ ಎಲೆ ತಿಂದು ಕಾದಳು. ಕೊನೆಗೊಂದು ಬೆಳಗ್ಗೆ ಮರಿ ಎದ್ದು ನಿಂತಿತು. ಕುಂಟಿತು, ಆದರೆ ಬೀಳಲಿಲ್ಲ. ಗುಡ್ಡ ಹತ್ತಿತು.

ಅದಕ್ಕೇ ಪುಟ್ಟಿ, ಇವತ್ತಿಗೂ ಗಾಯ ಅಂಚಿನಿಂದ ಮೆಲ್ಲಮೆಲ್ಲಗೆ ಕೂಡಿಕೊಂಡು ಬರುವುದು. ನಿನ್ನ ಮೊಣಕಾಲಿನಲ್ಲಿ ಎಷ್ಟೇ ನವೆಯಾದರೂ ಹಕ್ಕಳೆ ಕೀಳಬೇಡ, ಅದರಡಿಯಲ್ಲಿ ಹೆಜ್ಜಮ್ಮ ಹೊರೆ ಹೊತ್ತು ಈಗ ಹಗ್ಗದ ನಡುವೆ ಇದ್ದಾಳೆ.