ರೇಷ್ಮೆ ದಿಂಬಿನ ಮೇಲಿನ ಲ್ಯಾಪ್‌ಟಾಪು

"ಕೇಳಿರಪ್ಪೋ ಕೇಳಿ! ತೊರೆಬಾಗಿಲ ದೊರೆ ಮಲ್ಲರಸರ ಅಪ್ಪಣೆ! ರಾಜಕುಮಾರಿಯ ಲ್ಯಾಪ್‌ಟಾಪು, ಆಸ್ಥಾನದ ಡೆಸ್ಕ್‌ಟಾಪು, ಇವೆರಡರ ಮೇಲೆ ಮೂರು ಒಗಟು. ಬಿಡಿಸಿದವರಿಗೆ ರಾಜಕುಮಾರಿ, ಅರ್ಧ ರಾಜ್ಯ. ತಪ್ಪಿದವರ ತಲೆ ಕೋಟೆ ಬಾಗಿಲಿಗೆ. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಲ್ಯಾಪ್‌ಟಾಪು ಮಾರಿದ ಬೊಮ್ಮಯ್ಯನ ತಲೆಯೂ ಅಲ್ಲಿಗೇ!"

ಡಂಗುರದವನು ಬೀದಿ ದಾಟುವಷ್ಟರಲ್ಲಿ ಸಾವಂತ್ರಿಯ ಇಸ್ತ್ರಿಪೆಟ್ಟಿಗೆ ಯಾರದೋ ಪಂಚೆ ಸುಟ್ಟಿತ್ತು. ಬೊಮ್ಮಯ್ಯ ಅವಳ ಅಣ್ಣ. ಹೆತ್ತವರಿಲ್ಲದ ಹುಡುಗಿಗೆ ಅವನೇ ಎಲ್ಲ.

ಇದರ ಹಿಂದಿನ ಸಂಗತಿ ಊರಿಗೆಲ್ಲ ಗೊತ್ತು, ಬಾಯಿ ಬಿಡುವವರಿಲ್ಲ ಅಷ್ಟೆ. ಡೆಸ್ಕ್‌ಟಾಪು ತಂದವನು ರಾಣಿಯ ತಮ್ಮ ಸಿಂಗರಸ. ಅಕ್ಕನ ಮನೆಯಲ್ಲಿ ಉಂಡು, ಅಲ್ಲೇ ಗೊರಕೆ ಹೊಡೆದು, ಅಕ್ಕನ ಗಂಡನಿಗೇ ಬುದ್ಧಿ ಹೇಳುವ ಗಿರಾಕಿ. ರಾಜಕುಮಾರಿ ಪದ್ಮಲೆ ಹಟ ಹಿಡಿದು ಬೊಮ್ಮಯ್ಯನ ಅಂಗಡಿಯಿಂದ ತನಗೊಂದು ಲ್ಯಾಪ್‌ಟಾಪು ತರಿಸಿಕೊಂಡಳು. ಮಗಳು ರಾಜನೀತಿ ಓದುತ್ತಾಳೆ ಅಂತ ರಾಣಿ ಹೇಳಿಕೊಂಡು ತಿರುಗಿದ್ದೇ ಬಂತು. ಬಾಗಿಲು ಹಾಕಿಕೊಂಡು ಅವಳು ಆಡುತ್ತಿದ್ದುದು ಯುದ್ಧದಾಟ! ಯಂತ್ರ ಕುಂಟತೊಡಗಿದಾಗ ಸಿಂಗರಸ ದೊರೆಯ ಕಿವಿ ಕಚ್ಚಿದ: "ಎರಡರ ಮೇಲೂ ಒಂದೇ ಹೆಸರಿದೆ ಭಾವ. ಓಟ ಮಾತ್ರ ಬೇರೆ. ಹೆಸರು ತೋರಿಸಿ ಕಸ ಮಾರಿದ್ದಾನೆ." ದೊರೆಗೆ ಅರ್ಧ ನಂಬಿಕೆ, ಅರ್ಧ ಅನುಮಾನ. ಅದಕ್ಕೇ ಬೊಮ್ಮಯ್ಯನಿಗೆ ಸೆರೆ, ಊರಿಗೆ ಈ ಒಗಟು.

ಮೀಸೆಗೆ ಎಣ್ಣೆ ಹಚ್ಚಿಕೊಂಡು ಪಾಳೆಯಗಾರನ ಮಗ ಬಂದ. "ಸಣ್ಣ ಪೆಟ್ಟಿಗೆಗೆ ಸಣ್ಣ ಬುದ್ಧಿ" ಅಂದ. ತಲೆ ಹೋಯಿತು. ಆಮೇಲೆ ಜೋಯಿಸರ ಮಗ, "ದೆವ್ವ ಹೊಕ್ಕಿದೆ, ಶಾಂತಿ ಮಾಡಿಸಿ" ಅಂದ. ಅದೂ ಹೋಯಿತು. ಬಾಗಿಲಲ್ಲಿ ಇಬ್ಬರು ತಾಯಂದಿರು ಕೂತು ಅಳುತ್ತಿದ್ದರು. ಅವರನ್ನು ದಾಟಿಕೊಂಡೇ ಸಾವಂತ್ರಿ ಒಳಗೆ ಹೋಗಬೇಕಾಯಿತು.

ದೊರೆ ಕೇಳಿದ: "ಒಂದೇ ಹೆಸರಿನ ಎರಡು ಪ್ರೊಸೆಸರು. ಓಟಕ್ಕೆ ಬಿಟ್ಟರೆ ಮೊದಲು ಹೆಗಲಿಗೆ ಹೆಗಲು. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪಿನದು ಸೋಲುತ್ತದೆ. ಅದರ ಕಾಲು ಹಿಡಿದವರು ಯಾರು?"

"ಮುಟ್ಟಿ ನೋಡಲಾ ಬುದ್ಧಿ?"

ಸಿಂಗರಸ ಎಗರಿದ. "ಪೂಜೆಗಿಟ್ಟ ಯಂತ್ರ! ಯಾರೂ ಮುಟ್ಟುವಂತಿಲ್ಲ."

"ಮತ್ತೆ ಅಮ್ಮಣ್ಣಿಯವರು ಮುಟ್ಟದೇ ಆಡ್ತಾರಾ ಸ್ವಾಮಿ?"

ಸಭೆ ಕೆಮ್ಮಿತು. ಪದ್ಮಲೆಯ ಮುಖ ಕೆಂಪಾಯಿತು. ರಾಣಿ ಸೆರಗು ಸರಿಮಾಡಿಕೊಂಡಳು. ದೊರೆ ಕೈಯಾಡಿಸಿ ಅಪ್ಪಣೆ ಕೊಟ್ಟ.

ಲ್ಯಾಪ್‌ಟಾಪು ರೇಷ್ಮೆ ದಿಂಬಿನಲ್ಲಿ ಹುದುಗಿತ್ತು. ಗಾಳಿಕಿಂಡಿ ತುಂಬ ಕುಂಕುಮ, ಅಕ್ಷತೆ. ಸಾವಂತ್ರಿ ತಳಕ್ಕೆ ಕೈಯಿಟ್ಟು ಸರಕ್ಕನೆ ತೆಗೆದಳು. ಡೆಸ್ಕ್‌ಟಾಪಿನ ಬೆನ್ನಿಗೆ ಅಂಗೈ ಹಿಡಿದರೆ ಫ್ಯಾನಿನ ಗಾಳಿ ಧಾರಾಳವಾಗಿ ಬರುತ್ತಿತ್ತು.

"ಕಾಲು ಹಿಡಿದಿದ್ದು ಕಾವು, ಬುದ್ಧಿ. ದೊಡ್ಡದಕ್ಕೆ ಉಸಿರಾಡೋಕೆ ಜಾಗ ಉಂಟು. ಇದು ಮೊದಲೇ ಇಕ್ಕಟ್ಟಿನದು, ಸುಟ್ಟುಹೋಗಬಾರದು ಅಂತ ತಾನೇ ನಿಧಾನ ಆಗುತ್ತೆ. ನೀವು ಅದರ ಮೂಗಿಗೆ ಕುಂಕುಮ ತುಂಬಿ, ದಿಂಬಿಗೆ ಒತ್ತಿ ಹಿಡಿದಿದ್ದೀರಿ."

"ಸರಿ," ಅಂದ ದೊರೆ. ದನಿ ಇಳಿದಿತ್ತು. "ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೂ ಎರಡರಲ್ಲೂ ಒಂದೇ ಹೆಸರು. ತೆರೆಯ ಮೇಲೆ ಡೆಸ್ಕ್‌ಟಾಪಿನ ಕುದುರೆ ಹಾರುತ್ತದೆ, ಲ್ಯಾಪ್‌ಟಾಪಿನದು ಮುಗ್ಗರಿಸುತ್ತದೆ. ಅದರ ಬಲ ಕದ್ದವರು ಯಾರು?"

ಬೊಮ್ಮಯ್ಯ ಊಟಕ್ಕೆ ಕೂತಾಗ ಗೊಣಗುತ್ತಿದ್ದುದು ಸಾವಂತ್ರಿಗೆ ನೆನಪಾಯಿತು. "ಯಾರೂ ಕದ್ದಿಲ್ಲ ಬುದ್ಧಿ. ಹೆಸರು ಒಂದೇ, ತುತ್ತು ಬೇರೆ. ಅದಕ್ಕೆ ಹಂಡೆ ತುಂಬ ಕರೆಂಟು, ಇದಕ್ಕೆ ಬುತ್ತಿಯಷ್ಟು. ತಿಂದಷ್ಟೇ ದುಡಿಮೆ. ಕೊಳ್ಳೋರಿಗೆಲ್ಲ ಅಣ್ಣ ಇದನ್ನ ಹೇಳ್ತಿದ್ದ. ಅಮ್ಮಣ್ಣಿಯವರಿಗೆ ಹೇಳಿರಲಿಲ್ವಾ, ಕೇಳಿ."

ಪದ್ಮಲೆ ನೆಲ ನೋಡಿದಳು. "ಹೇಳಿದ್ದ, ಅಪ್ಪಾಜಿ. ಆಟಕ್ಕಾದರೆ ದೊಡ್ಡದೇ ತಗೊಳ್ಳಿ ಅಂದಿದ್ದ. ನಾನು... ಆಟದ ಸುದ್ದಿ ಹೊರಗೆ ಬರುತ್ತೆ ಅಂತ ಸುಮ್ಮನಿದ್ದೆ."

ಬಾಗಿಲಾಚೆಯ ಅಳು ಈಗ ಒಳಗೂ ಕೇಳಿಸಿತು.

ಕೊನೆಯದನ್ನು ದೊರೆ ಬೇಡವಾದವನಂತೆ ಕೇಳಿದ: "ಹೊಟ್ಟೆಬಾಕ ಸತ್ತ ಗಳಿಗೆಯಲ್ಲಿ ಅಲ್ಪಾಹಾರಿ ಬದುಕಿದ್ದು ಹೇಗೆ?"

"ಅರಮನೆ ಕರೆಂಟು ತೆಗೆಸಿ."

ತೆಗೆದರು. ಡೆಸ್ಕ್‌ಟಾಪು ಕುತ್ತಿಗೆ ಹಿಚುಕಿದಂತೆ ಕಪ್ಪಾಯಿತು. ಕತ್ತಲಾದ ಸಭೆಯಲ್ಲಿ ಲ್ಯಾಪ್‌ಟಾಪಿನ ಕುದುರೆಯೊಂದೇ ಬೆಳಗುತ್ತ ನಿಂತಿತ್ತು.

"ಕಡಿಮೆ ತಿನ್ನೋದಕ್ಕೇ ಬ್ಯಾಟರಿಯ ಬುತ್ತಿ ಸಾಕಾಗುತ್ತೆ ಬುದ್ಧಿ. ಅದಕ್ಕೆ ಓಟ, ಇದಕ್ಕೆ ತಾಳಿಕೆ. ಇದರಲ್ಲಿ ಮೋಸ ಎಲ್ಲಿ ಬಂತು?"

ಬೊಮ್ಮಯ್ಯನ ಸಂಕೋಲೆ ಕಳಚಿದರು. ಸಿಂಗರಸ ಅಷ್ಟರಲ್ಲಿ ಹಿಂಬಾಗಿಲು ದಾಟಿದ್ದ. ದೊರೆ ಬಹುಮಾನದ ಮಾತೆತ್ತಿದ.

"ರಾಜಕುಮಾರಿಯನ್ನ ಇಟ್ಟುಕೊಂಡು ನಾನೇನು ಮಾಡಲಿ? ಒಂದು ಪಂಚೆ ಮಡಿಸೋಕೂ ಬರಲ್ಲ. ನಿಮ್ಮ ಅರ್ಧ ರಾಜ್ಯ ಹೊರಗೆ ಅಳ್ತಿರೋ ಆ ಇಬ್ಬರಿಗೆ ಕೊಡಿ. ಮಕ್ಕಳಂತೂ ಬರಲ್ಲ. ನನಗೆ ಆ ಡಂಗುರದ ತಮಟೆ ಕೊಡಿ."

ಕೊಟ್ಟರು. ಸಾವಂತ್ರಿ ಅದನ್ನು ಮನೆಗೆ ಹೊತ್ತು ತಂದು, ಚರ್ಮ ಹರಿದು, ಅದರ ಕಬ್ಬಿಣದ ಬಳೆಯನ್ನು ಇಸ್ತ್ರಿಪೆಟ್ಟಿಗೆ ಇಡುವ ಸ್ಟ್ಯಾಂಡು ಮಾಡಿಕೊಂಡಳು. ಅಂದಿನಿಂದ ಸಾರಲು ತಮಟೆಯಿಲ್ಲ; ತೊರೆಬಾಗಿಲಲ್ಲಿ ಯಾರದಾದರೂ ತಲೆ ಬೇಕೆಂದರೆ ದೊರೆಯೇ ಬೀದಿಗಿಳಿದು, ಅರ್ಧ ರಾಜ್ಯದ ಒಡತಿಯರಾದ ಆ ಇಬ್ಬರು ತಾಯಂದಿರ ಮನೆ ಮುಂದೆ ನಿಂತು, ತನ್ನ ಬಾಯಿಂದಲೇ ಕೇಳಬೇಕು. ಇವತ್ತಿನವರೆಗೂ ಇಳಿದಿಲ್ಲ.