ಬಾಗಿದ ಅಕ್ಷರಕ್ಕೊಂದು ಪುಟ

"ತಾಯಿ, ಎಲ್ಲರ ಹಾಗಿಲ್ಲದವರು ತಮ್ಮನ್ನು ತಿದ್ದಿಕೊಳ್ಳಲೇಬೇಕೇ?" ಎಂದು ಶಿಷ್ಯೆ ಕೇಳಿದಳು.

ಗುರುತಾಯಿ ಒಂದು ಕತೆ ಹೇಳಿದಳು.

ಒಬ್ಬ ಹೆಂಗಸು ಮುದ್ರಣಾಲಯಗಳಿಗೆ ಅಚ್ಚುಮೊಳೆ, ಅಂದರೆ ಸೀಸದ ಅಕ್ಷರ, ಮಾಡುತ್ತಿದ್ದಳು. ಯಾರೂ ಕಲಿಸಿದ್ದಲ್ಲ, ನೋಡಿ ಕಲಿತದ್ದು. ಸೀಸದ ಅಕ್ಷರಗಳೆಲ್ಲ ಕಂಬದ ಹಾಗೆ ನಿಂತಿರುವುದು ಅವಳಿಗೆ ಹಿಡಿಸಲಿಲ್ಲ. ಕೈಬರಹ ನಿಲ್ಲುವುದಿಲ್ಲ, ನಡೆಯುತ್ತದೆ. ಅವಳು ನಡೆಯುವ ಅಕ್ಷರಗಳನ್ನು ಕೊರೆದಳು. ಅವು ಬಲಕ್ಕೆ ಬಾಗಿದ್ದವು. ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಕೂದಲೆಳೆ. ತಲೆಕಟ್ಟಿನ ತುದಿ, ಲೇಖನಿಯನ್ನು ಈಗಷ್ಟೇ ಎತ್ತಿದಂತೆ ಚೂಪಾಗಿತ್ತು.

ಒಬ್ಬ ಮುದ್ರಕ ಅವನ್ನು ಕೊಂಡ. ಇಡೀ ಪಂಚಾಂಗವನ್ನು ಅವುಗಳಲ್ಲೇ ಅಚ್ಚು ಹಾಕಿದ. ಕಣ್ಣು ನೋಯುತ್ತದೆಂದು ಪುರೋಹಿತರು ಹಿಂದಿರುಗಿಸಿದರು. ಅಂಗಡಿಯ ಜಾಹೀರಾತು ಅಚ್ಚು ಹಾಕಿದ. ಬೀದಿಯ ಆಚೆಯಿಂದ ಯಾರಿಗೂ ಓದಲಾಗಲಿಲ್ಲ. ಮುದ್ರಕ ಅವಳನ್ನು ಕರೆಸಿದ.

"ಏನಮ್ಮ, ನಿನ್ನ ಅಕ್ಷರಗಳು ಹೆಂಡ ಕುಡಿದು ಬಂದಿವೆಯೇ? ನೆಟ್ಟಗೆ ಮಾಡಿಕೊಡು. ಇಲ್ಲದಿದ್ದರೆ ಕರಗಿಸಿ ಸೀಸವನ್ನಾದರೂ ಉಳಿಸಿಕೊಳ್ಳುತ್ತೇನೆ."

"ನೆಟ್ಟಗಿರುವವು ನಿಮ್ಮಲ್ಲಿ ಪೆಟ್ಟಿಗೆಗಟ್ಟಲೆ ಇವೆ. ಅದಕ್ಕೆ ನಾನೇಕೆ ಬೇಕು?"

ಮುದ್ರಕ ಒಲೆ ಹೊತ್ತಿಸಿದ. ಈ ಅಕ್ಷರಗಳು ಕರಗಿದರೆ ಊರಿನ ಯಾವ ಮುದ್ರಣಾಲಯವೂ ಅವಳಿಗೆ ಇನ್ನು ಕೆಲಸ ಕೊಡುವುದಿಲ್ಲ. ಅದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ನಾಟಕ ಕಂಪನಿಯ ಯಜಮಾನ, ಅದೇ ಮುದ್ರಕ ಅಚ್ಚು ಹಾಕಿಕೊಟ್ಟಿದ್ದ ನಾಟಕದ ಪುಸ್ತಕ ಹಿಡಿದು ಒಳಗೆ ಬಂದ. ಅವನ ನಟರು ಹೊಸದಾಗಿ ಓದು ಕಲಿತವರು, ಅಚ್ಚಾದದ್ದನ್ನೆಲ್ಲ ಬಾಯಿಪಾಠ ಮಾಡುವವರು. ರಾಜನ ಪಾತ್ರದವನು ತಾಲೀಮಿನಲ್ಲಿ, "ಅಯ್ಯೋ ಮಗನೇ, ಎದೆ ಬಡಿದುಕೊಂಡು ಕುಸಿಯುತ್ತಾನೆ" ಎಂದು ಹೇಳಿ ನಿಂತೇ ಇದ್ದನಂತೆ. ಯಾವುದು ಆಡುವ ಮಾತು, ಯಾವುದು ಮಾಡುವ ಸೂಚನೆ ಎಂದು ತಿಳಿಯಲಿ ಎಂದು ಮುದ್ರಕ ಸೂಚನೆಗಳನ್ನು ದಪ್ಪಕ್ಷರದಲ್ಲಿ ಮತ್ತೆ ಅಚ್ಚು ಹಾಕಿ ಕೊಟ್ಟಿದ್ದ. ಈಗ ರಾಜ ಅವನ್ನು ಕಿರುಚುತ್ತಿದ್ದ.

"ಸತ್ತ ಮಗನ ಪಾತ್ರದವನೂ ಎದ್ದು ಕೂತು ನಗುತ್ತಾನೆ ಸ್ವಾಮಿ. ನಾನು ಬೇರೆ ಮುದ್ರಣಾಲಯ ನೋಡಿಕೊಳ್ಳುತ್ತೇನೆ" ಎಂದ ಯಜಮಾನ.

ಹೆಂಗಸು ಒಲೆಗೆ ಅಡ್ಡ ನಿಂತಳು. "ನನಗೆ ಒಂದು ಪುಟ ಕೊಡಿ" ಎಂದಳು.

ಆಡುವ ಮಾತನ್ನು ಮುದ್ರಕನ ನೆಟ್ಟನೆಯ ಅಕ್ಷರದಲ್ಲಿ ಜೋಡಿಸಿದಳು. ಸೂಚನೆಯನ್ನು ತನ್ನ ಬಾಗಿದ ಅಕ್ಷರದಲ್ಲಿ ಜೋಡಿಸಿದಳು. ಯಜಮಾನ ರಾಜನ ಪಾತ್ರದವನನ್ನು ಕರೆಸಿ ಆ ಪುಟ ಕೊಟ್ಟ. ಅವನು "ಅಯ್ಯೋ ಮಗನೇ" ಎಂದು ಓದಿದ. ಮುಂದಿನ ಸಾಲು ಕಂಡು ತಡೆದ. ಎದೆ ಬಡಿದುಕೊಂಡ. ಅಲ್ಲೇ ನೆಲದ ಮೇಲೆ ಕುಸಿದ. ಯಾರೂ ನಗಲಿಲ್ಲ.

"ಇದನ್ನೇಕೆ ಕೂಗಲಿಲ್ಲವೋ?" ಎಂದು ಯಜಮಾನ ಕೇಳಿದ.

"ಯಾರೋ ಬಗ್ಗಿ ಕಿವಿಯಲ್ಲಿ ಹೇಳಿದ ಹಾಗಿತ್ತು, ಧಣಿ. ಕಿವಿಮಾತನ್ನು ಯಾರಾದರೂ ಕೂಗುತ್ತಾರೆಯೇ?"

ಮುದ್ರಕ ಒಲೆ ಆರಿಸಿದ. ಪುಸ್ತಕವೆಲ್ಲ ಹಾಗೆಯೇ ಅಚ್ಚಾಯಿತು.

ಶಿಷ್ಯೆಯ ಮುಖ ಅರಳಿತು. "ಹಾಗಾದರೆ ಕಾಯುತ್ತಾ ಕೂತರೆ ಯಾರಿಗಾದರೂ ತಕ್ಕ ಜಾಗ ಸಿಕ್ಕೇ ಸಿಗುತ್ತದೆ, ಅಲ್ಲವೇ ತಾಯಿ?"

"ಅವಳು ಕಾಯಲಿಲ್ಲ ಮಗಳೇ, ಪುಟ ಕೇಳಿದಳು."